ಪಟ್ಟಿಯಲ್ಲಿ ಇಲ್ಲದ ಹುದ್ದೆ

ವಿಜಯಪುರದಿಂದ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಬಂದ ಮೊದಲ ದಿನ ನನಗೆ ಕೊಟ್ಟ ಗುರುತಿನ ಚೀಟಿಯಲ್ಲಿ, ಹುದ್ದೆ ಎಂಬಲ್ಲಿ ‘ಇತರೆ’ ಎಂದು ಬರೆದಿತ್ತು.

“ಹಂಗಾದ್ರ ನಾ ಯಾರ್ರಿ?” ಎಂದೆ.

“ನಿನ್ನ ಕೆಲಸಕ್ಕೆ ನಮ್ಮ ಪಟ್ಟೀಲಿ ಹೆಸರೇ ಇಲ್ವಲ್ಲೇ ಮಾರಾಯ್ತಿ,” ಎಂದು ಎಚ್.ಆರ್. ವಿಭಾಗದ ಹಿರಿಯರಾದ ಸುಮಿತ್ರಾ ನಕ್ಕರು. ನಮ್ಮ ಕಡೆ ಕಚೇರಿಯಲ್ಲಿ ಪ್ರತಿ ಮಾತಿಗೂ ‘ರೀ’ ಅಂಟಿಕೊಂಡಿರುತ್ತದೆ. ಇಲ್ಲಿ ಸಲಿಗೆ ಮೊದಲು, ಪರಿಚಯ ಆಮೇಲೆ.

ಹೊಸ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡುವ ಮುನ್ನ ಅದರ ಒಳಿತು ಕೆಡುಕು ವಿವರಿಸಿ ಒಪ್ಪಿಗೆ ಪಡೆಯಬೇಕು, ಆಮೇಲೆ ಪ್ರತಿ ತಪಾಸಣೆಯನ್ನೂ ಬರೆದಿಡಬೇಕು. ಇಲ್ಲಿನ ನರ್ಸ್‌ಗಳನ್ನು ಆ ಕೆಲಸಕ್ಕೆ ತಯಾರು ಮಾಡಲು ನಾನು ಬಂದಿದ್ದೆ. ಸುಮಿತ್ರಾ ಜೊತೆ ಕೂತು ಮೂವರನ್ನು ಆರಿಸಿದೆ. ಅವರಲ್ಲಿ ಒಬ್ಬಳು ಸೆಲ್ವಿ, ಭದ್ರಾವತಿಯ ಕಾರ್ಖಾನೆ ಕಾಲೊನಿಯ ತಮಿಳು ಮನೆಯವಳು.

ವಿನೋಬನಗರದ ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದರೆ ಕೆಳಗಿನ ಮನೆಯವರು, “ಮೇಲೆ ಏನಾದ್ರೂ ರಿಪೇರಿ ಮಾಡಿಸ್ತಿದೀರಾ?” ಎಂದು ಕೇಳುತ್ತಿದ್ದರು. ನಾಚಿಕೆಯಾಗಿ ಬಡಿಯುವುದನ್ನೇ ಬಿಟ್ಟೆ. ಭಾನುವಾರಗಳಲ್ಲಿ ಯಾರೊಂದಿಗೂ ಮಾತಿಲ್ಲ.

ಒಂದು ದಿನ ಭದ್ರಾವತಿಯ ನಿವೃತ್ತ ಕಾರ್ಮಿಕರೊಬ್ಬರಿಗೆ ಅರ್ಧ ಗಂಟೆ ಕನ್ನಡದಲ್ಲಿ ವಿವರಿಸಿದೆ. ಅವರು ತಲೆಯಾಡಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದರು. ಸೆಲ್ವಿ ತಡೆದು ತಮಿಳಿನಲ್ಲಿ ಏನೋ ಕೇಳಿದಳು.

“ಸಹಿ ಹಾಕದಿದ್ರೆ ಚಿಕಿತ್ಸೆ ನಿಲ್ಲಿಸ್ತಾರೆ ಅಂದ್ಕೊಂಡಿದಾರೆ ಮೇಡಂ.”

ಹಾಗಲ್ಲವೆಂದು ಅವಳು ತಿಳಿಸಿದ ಮೇಲೆ ಅವರು ಪೆನ್ನು ಕೆಳಗಿಟ್ಟು, ಅವಳಿಗೆ ಕೈಮುಗಿದು ಹೊರಟರು. ನಮಗೆ ಒಬ್ಬ ರೋಗಿ ಕಡಿಮೆಯಾದರು. ಆದರೂ ಈ ಊರಿಗೆ ಬಂದದ್ದು ಸಾರ್ಥಕವೆಂದು ನನಗೆ ಅನ್ನಿಸಿದ್ದು ಅವತ್ತೊಂದೇ ದಿನ.

ಈ ಹುದ್ದೆಗೊಂದು ಹೆಸರು, ಬಡ್ತಿಗೊಂದು ದಾರಿ ಕೊಡಿ ಎಂದು ಸುಮಿತ್ರಾ ಮತ್ತು ನಾನು ಆಡಳಿತ ಮಂಡಳಿಗೆ ಬರೆದೆವು. ಮತ್ತೆ ಬರೆದೆವು. ಉತ್ತರ ಬರಲಿಲ್ಲ. ಐಸಿಯುನಲ್ಲಿ ಜನ ಸಾಲದೆ ಮೂವರನ್ನೂ ವಾಪಸ್ ಕರೆಸಿಕೊಂಡರು. “ನನ್ನ ಕೈಲಾಗಿದ್ದು ಇಷ್ಟೇ ಕಣೇ,” ಎಂದರು ಸುಮಿತ್ರಾ.

ತಿಂಗಳೊಳಗೆ ಸೆಲ್ವಿ ರಾಜೀನಾಮೆ ಕೊಟ್ಟಳು.

“ಚೆನ್ನೈಯಲ್ಲಿ ಈ ಕೆಲಸಕ್ಕೇ ತಗೊಂಡಿದಾರೆ ಮೇಡಂ. ಆದ್ರೆ ನಾನು ಆ ಊರು ನೋಡೇ ಇಲ್ಲ. ನಮ್ಮ ಭದ್ರಾವತಿ ತಮಿಳು ಕೇಳಿದ್ರೆ ಅಲ್ಲಿಯವ್ರು ನಗ್ತಾರಂತೆ,” ಎಂದು ಅತ್ತಳು.

“ಒಗ್ಗಿಕೊಳ್ತೀಯ,” ಎಂದೆ. ನಾನು ಒಗ್ಗಿಕೊಂಡಿರಲಿಲ್ಲ.

ಮೊನ್ನೆ ಸುಮಿತ್ರಾ ತರಬೇತಿಗೆ ಹೊಸದಾಗಿ ಇಬ್ಬರನ್ನು ಕಳಿಸಿದರು. ಇಲ್ಲೇ ಶಿವಮೊಗ್ಗದ ನವುಲೆಯ ಹುಡುಗಿಯೊಬ್ಬಳು ಕೂತ ಕೂಡಲೇ, “ಇದನ್ನ ಕಲಿತ್ರೆ ಊರಲ್ಲೇ ಇರಬಹುದಲ್ವಾ ಮೇಡಂ?” ಎಂದಳು.

ವಿಜಯಪುರಕ್ಕೆ ಹೋದರೆ ನನ್ನ ಮಾತು ಬದಲಾಗಿದೆ ಎನ್ನುತ್ತಾರೆ. ಇಲ್ಲಿ ಬಾಯಿ ತೆರೆದರೆ ಯಾವ ಕಡೆಯವರು ಎಂದು ಕೇಳುತ್ತಾರೆ. ಅಂಥ ನಾನು ಈ ಮಕ್ಕಳಿಗೆ ಊರು ಬಿಡುವ ವಿದ್ಯೆ ಕಲಿಸುತ್ತಿದ್ದೇನೆ. ಅವಳಿಗೆ ಪುಸ್ತಕ ತೆಗೆಯಲು ಹೇಳಿದೆ.