ನೆರೆಯ ದಿನ ಸವಿತಾ ಮಾಡಿದ ಪಾಠ

“ಮೇಡಂರೀ, ಡ್ಯಾಮ್ ಒಡದೈತಂತ್ರಿ! ನಮ್ಮ ಮನ್ಯಾಗ ಎಲ್ಲಾರೂ ಟ್ರ್ಯಾಕ್ಟರ್ ಏರಾಕತ್ತಾರ್ರಿ!”

ಆನ್‌ಲೈನ್ ತರಗತಿಯ ನಡುವೆ ನದಿದಂಡೆಯ ಗಲಗಲಿ ಊರಿನ ವಿದ್ಯಾರ್ಥಿನಿ ಸವಿತಾ ಕೂಗಿದಳು. ಕೃಷ್ಣೆಗೆ ನೆರೆ ಬಂದು ಕ್ಯಾಂಪಸ್ಸಿನ ತರಗತಿಗಳು ನಿಂತಿದ್ದವು. ವಿಶ್ವವಿದ್ಯಾಲಯದ ಗ್ರಂಥಪಾಲಕಿಯಾದ ನಾನು ಜಮಖಂಡಿಯ ಮನೆಯಿಂದಲೇ, ಮೊಬೈಲಿಗೆ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದನ್ನು ಕಲಿಸುತ್ತಿದ್ದೆ.

ಡ್ಯಾಮ್ ಒಡೆಯುವ ವಿಡಿಯೊ ಒಂದು ಅವಳ ಮನೆಯವರ ಮೊಬೈಲಿಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಸವಿತಾ ಆ ವಿಡಿಯೊದ ಮೂಲ ಹುಡುಕಿದಳು. ಅದು ಬೇರೆ ದೇಶದ್ದು, ತೀರಾ ಹಳೆಯದು. ಅಷ್ಟಕ್ಕೇ ಬಿಡದೆ, ಅಪ್ಪನ ಮೊಬೈಲಿನಿಂದ ತಾಲ್ಲೂಕು ಕಚೇರಿಗೆ ಕರೆ ಮಾಡಿ, ಸ್ಪೀಕರ್ ಹಚ್ಚಿ ಮನೆಯವರಿಗೆಲ್ಲ ಕೇಳಿಸಿದಳು. ಡ್ಯಾಮ್ ಭದ್ರವಾಗಿತ್ತು, ಊರು ಬಿಡುವ ಅಗತ್ಯವಿರಲಿಲ್ಲ. ಅವಳ ಅಕ್ಕ ತುಂಬು ಗರ್ಭಿಣಿ. ನೀರು ನುಗ್ಗಿದ ರಸ್ತೆಯಲ್ಲಿ ಆಕೆಯನ್ನು ಟ್ರ್ಯಾಕ್ಟರ್‌ನಲ್ಲಿ ಕೂಡಿಸಿಕೊಂಡು ಹೊರಡುವವರಿದ್ದರು!

“ಎಲ್ಲಾರೂ ಕೆಳಗ ಇಳೀರಿ. ನಮ್ಮ ಹುಡುಗಿ ಖರೆ ಏನಂತ ನೋಡ್ಯಾಳ,” ಎಂದು ಅವಳ ಅಜ್ಜ ಹೇಳಿದ್ದು ಇಡೀ ತರಗತಿಗೆ ಕೇಳಿಸಿತು. ನನ್ನ ಕಣ್ಣು ತುಂಬಿದ್ದನ್ನು ಮಕ್ಕಳು ನೋಡಬಾರದೆಂದು ಕ್ಯಾಮೆರಾ ಆಫ್ ಮಾಡಿದೆ. ವಾರದೊಳಗೆ ಅಕ್ಕನಿಗೆ ಸುಖವಾಗಿ ಹೆರಿಗೆಯಾಯಿತು.

ಈಗ ಹೊಸ ವಿದ್ಯಾರ್ಥಿಗಳಿಗೆ ಆ ಪಾಠವನ್ನು ಸವಿತಾಳಿಂದಲೇ ಮಾಡಿಸುತ್ತೇನೆ. ಅವಳು ಮಾತನಾಡುವಷ್ಟು ಹೊತ್ತೂ ನಾನು ಹಿಂದಿನ ಬೆಂಚಿನಲ್ಲಿ ಹೆಮ್ಮೆಯಿಂದ ಕೂತಿರುತ್ತೇನೆ.