ಅವ್ವ ಕರಿಮಣಿ ತೊಳೆದ ದಿನ

ಚಿನ್ನ ತೊಳೆಯುವುದು ದೊಡ್ಡ ವಿದ್ಯೆಯೇನಲ್ಲ. ಅಂಟುವಾಳಕಾಯಿಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕಿವುಚಿದರೆ ನೊರೆ ಬರುತ್ತದೆ. ಬಟ್ಟಲಿನ ತಳಕ್ಕೆ ಹಳೆಯ ಬಟ್ಟೆ ಹಾಸಿ, ಮಕ್ಕಳ ಮೆತ್ತನೆಯ ಬ್ರಶ್ಶಿನಲ್ಲಿ ಮೆಲ್ಲಗೆ ಉಜ್ಜಿದರೆ ಆಯಿತು. ಪೇಸ್ಟು ಹಚ್ಚಿದರೆ ಗೀರು ಬೀಳುತ್ತದೆ. ಮುತ್ತು, ಹವಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ದಾರದಲ್ಲಿ ಪೋಣಿಸಿದ್ದನ್ನು ಹಾಗೇ ನೀರಲ್ಲಿ ನೆನೆಸಬಾರದು. ಇದೆಲ್ಲ ನನಗೆ ಹೇಳಿಕೊಟ್ಟವಳು ಅವ್ವ. ಕೊನೆಯದನ್ನು ಮಾತ್ರ ಅವಳೇ ತಡವಾಗಿ ಕಲಿತಳು.

ಅವ್ವ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು, ಅಪ್ಪ ಬೋಟಿಗೆ ಹೋಗುತ್ತಿದ್ದ. ಉಪ್ಪು, ಐಸಿನ ನೀರು, ಮೀನಿನ ಪೊರೆ ಎಲ್ಲ ಸೇರಿ ಅವಳ ಕರಿಮಣಿಯ ನಡುವಿನ ತಾಳಿ ಕಪ್ಪಾಗುತ್ತಿತ್ತು. ಅದನ್ನು ತೊಳೆಯುವುದು ಮಳೆಗಾಲದಲ್ಲಿ, ಬೋಟುಗಳು ದಡ ಹತ್ತಿದ ಮೇಲೇ. ಕೊರಳಿಗೆ ಅರಿಶಿನದ ದಾರ ಕಟ್ಟಿಕೊಂಡು ಅವಳು ಕರಿಮಣಿ ತೆಗೆದುಕೊಡುವಳು. ಅಪ್ಪ ಹಳೇ ನೂಲು ಬಿಚ್ಚಿ, ಮಣಿಗಳನ್ನೂ ತಾಳಿಯನ್ನೂ ಬೇರೆ ಬೇರೆ ತೊಳೆದು, ಹೊಸ ಹತ್ತಿ ನೂಲಲ್ಲಿ ಪೋಣಿಸುವನು. ಬಲೆಯ ನೂಲು ಹಾಕಿದರೆ ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ ಎಂದು ಅವನು ಪ್ರತಿ ಸಲ ಕೀಟಲೆ ಮಾಡುವನು. ತಾನೇನು ಬಲೆಗೆ ಬಿದ್ದ ಬಂಗಡೆಯೇ ಎಂದು ಅವಳು ಕೇಳುವಳು. ಇಬ್ಬರೂ ಜಗಲಿಯಲ್ಲಿ ಅಷ್ಟು ಹೊತ್ತು ಜೊತೆಗೆ ಕೂತದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಅಪ್ಪ ಸಮುದ್ರದಲ್ಲಿರುವಾಗ ಮಾತ್ರ ಅವಳು ಅದನ್ನು ಕೊರಳಿಂದ ತೆಗೆಯುತ್ತಿರಲಿಲ್ಲ. ಅರಿಶಿನದ ದಾರ ಕಟ್ಟಿಕೊಂಡರೂ ಇಲ್ಲ. ಅದು ಊರಿನ ಪದ್ಧತಿಯಲ್ಲ, ಅವಳದೇ ನೇಮ.

ಒಂದು ಮೇ ತಿಂಗಳಲ್ಲಿ ಕರ್ಕಿಯಲ್ಲಿ ಅವಳ ಅಣ್ಣನ ಮಗಳ ಮದುವೆ ಬಂತು. ಅತ್ತಿಗೆಯರ ನಡುವೆ ಆ ಕಪ್ಪು ತಾಳಿಯಲ್ಲಿ ಕೂರಲು ಅವ್ವನಿಗೆ ನಾಚಿಕೆ. ಅಪ್ಪ ಸಮುದ್ರದಲ್ಲಿದ್ದ, ಫೋನು ರೇಂಜಿಗೆ ಸಿಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತೆ ಅವಳು ಒಂದು ಉಪಾಯ ಮಾಡಿದಳು. ಕೊರಳಲ್ಲೇ ಇಟ್ಟುಕೊಂಡು, ಬಟ್ಟಲಿನ ಮೇಲೆ ಬಗ್ಗಿ, ಕರಿಮಣಿಯನ್ನು ನೊರೆಯಲ್ಲಿ ಅದ್ದಿ ತೊಳೆಯತೊಡಗಿದಳು. ನಾನು ಕನ್ನಡಿ ಹಿಡಿದಿದ್ದೆ. ಕೊಕ್ಕರೆ ನೀರು ಕುಡಿದ ಹಾಗೆ ಕಾಣುತ್ತದೆ ಎಂದು ನಕ್ಕೆ, ಅವಳೂ ನಕ್ಕಳು. ವರ್ಷವಿಡೀ ಬೆವರು ಕುಡಿದ ಹತ್ತಿ ನೂಲು ನೀರಲ್ಲಿ ಮೆತ್ತಗಾಗಿತ್ತು. ಬ್ರಶ್ಶು ಒಂದು ಸಲ ಸಿಕ್ಕಿಕೊಂಡು ಎಳೆಯಿತು, ನೂಲು ಹರಿಯಿತು. ಮಣಿಗಳು ಅರ್ಧ ಬಟ್ಟಲಿಗೆ, ಅರ್ಧ ಅಂಗಳಕ್ಕೆ ಚೆಲ್ಲಿದವು.

ಅವ್ವ ಅಳಲಿಲ್ಲ. ಅರಿಶಿನದ ದಾರ ಕಟ್ಟಿಕೊಂಡು, ಮಣಿಗಳನ್ನೆಲ್ಲ ಹೆಕ್ಕಿ, ಮದುವೆಗೂ ಹೋಗದೆ ಹೊಸ್ತಿಲಲ್ಲಿ ಕೂತಳು. ಮದುವೆಯ ಮರುದಿನ ಅಪ್ಪ ಎಂದಿನಂತೆ ಮೀನಿನ ಚೀಲ ಹಿಡಿದುಕೊಂಡು ಬಂದ. ಆದದ್ದನ್ನು ಕೇಳಿ ನಕ್ಕ.

“ಎಂತ ಆತು ಈಗ? ನಾ ಬಂದ್ನಲ್ಲ,” ಅಂದ.

ಅಂದೇ ಕೂತು ಬಲೆಯ ನೂಲಲ್ಲಿ ಪೋಣಿಸಿಕೊಟ್ಟ. ಈ ಸಲ ಅವ್ವ ಬೇಡ ಅನ್ನಲಿಲ್ಲ. ಅದನ್ನು ಕೊರಳಿಗೆ ಹಾಕಿಕೊಂಡು, ಅವನ ಕೈಯನ್ನು ತಾಳಿಯ ಮೇಲೆ ಇರಿಸಿ, ಇನ್ನು ಸಮುದ್ರಕ್ಕೆ ಹೋಗುವುದಿಲ್ಲ ಎಂದು ಆಣೆ ಮಾಡಿಸಿದಳು. ಅಪ್ಪ ಹೂಂ ಅಂದ.

ಅವನಿಗೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಯಾರನ್ನೂ ದೂರಲಿಲ್ಲ, ಅದೇ ಕಷ್ಟ. ಜಗಳವಾಡಿದ್ದರೆ ನಾವೂ ಎದುರು ಮಾತಾಡಿ ಹಗುರಾಗುತ್ತಿದ್ದೆವು. ಬೆಳಿಗ್ಗೆ ಬೋಟಿನ ಸದ್ದು ಕೇಳಿದರೆ ಅದು ಯಾರದೆಂದು ಹೇಳುತ್ತಾನೆ, ನಾವು ಕೇಳದಿದ್ದರೂ. ಪೇಟೆಯಿಂದ ತಂದ ಮೀನಿನ ಕಿವಿರು ಎತ್ತಿ ನೋಡಿ ಬದಿಗಿಡುತ್ತಾನೆ. ಎರಡು ಮಳೆಗಾಲ ಕಳೆದ ಮೇಲೆ ಅವ್ವನೇ ತಡೆಯಲಾರದೆ ಹೋಗಿ ಬಾ ಅಂದಳು.

“ತಾಳಿ ಮುಟ್ಟಿ ಆಣೆ ಮಾಡ್ಸಿದ್ದು ನೀನು. ಬಿಡ್ಸೂದು ನಿನ್ನ ಕೈಲಿಲ್ಲ,” ಅಂದ ಅಪ್ಪ.

ನೂಲು ಹರಿದದ್ದಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ ಎಂದು ಅಂದೇ ನಾನು ಅವ್ವನಿಗೆ ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಮಣಿ ಚೆಲ್ಲಿದಾಗ ಹೆದರಿಕೆ ನನಗೂ ಆಗಿತ್ತು. ಅವಳ ಮೇಲೆ ಸಿಟ್ಟು ಬರುತ್ತದೆ, ಅವಳ ಮುಖ ನೋಡಿದರೆ ಇಳಿದುಹೋಗುತ್ತದೆ.

ಮೊನ್ನೆ ಕುಮಟಾದಲ್ಲಿ ಒಂದು ಮದುವೆ ಇತ್ತು. ನಾನು ಅಂಟುವಾಳ ನೆನೆಸಿಟ್ಟು, ಕರಿಮಣಿ ಕೊಡು, ತೊಳೆದುಕೊಡುತ್ತೇನೆ ಅಂದೆ. ಅಪ್ಪ ಮನೆಯಲ್ಲೇ ಇದ್ದ. ಈಗ ಯಾವ ದಿನ ತೆಗೆದರೂ ನೇಮ ಮುರಿಯುವುದಿಲ್ಲ. ಬಲೆಯ ನೂಲು ಇನ್ನೂ ಗಟ್ಟಿಯಾಗಿದೆ. ಅವ್ವ ತಾಳಿಯನ್ನು ಸೆರಗಿನಲ್ಲಿ ಒರೆಸಿಕೊಂಡು ರವಿಕೆಯೊಳಗೆ ಸೇರಿಸಿದಳು.

“ಬೇಡ ಮಗಾ. ಅಂದೇ ತೊಳೀದೆ ಕೊಳೆ ಇದ್ರೂ ಅಡ್ಡಿ ಇಲ್ಲಾಗಿತ್ತು,” ಅಂದಳು.