ಬದನೆ ಮಡಿಗೆ ಇದ್ದಿಲು

ಆ ಬೆಳಿಗ್ಗೆಯೂ ಹಾಲು ಒಲೆಗಿಟ್ಟು, ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಕೂತು ತೋರುಬೆರಳಿನಿಂದ ಹಲ್ಲು ತಿಕ್ಕುತ್ತಿದ್ದರು. ಪೇಸ್ಟು ಅವರ ಲೆಕ್ಕದಲ್ಲಿ ಮಕ್ಕಳ ಮಿಠಾಯಿ. ಹಲ್ಲಿಗೆ ಇದ್ದಿಲೇ ಆಗಬೇಕು.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷ. ಮಕ್ತಲ್‌ನ ನಮ್ಮ ಮನೆಯ ಹಿಂದೆ ಅತ್ತೆಯ ಕಾಯಿಪಲ್ಲೆ ಮಡಿಗಳಿದ್ದವು. ಗದ್ವಾಲದ ತರಬೇತಿಯೊಂದಕ್ಕೆ ಹೋಗಿ ನಾನು ಹೊಸ ಹುಚ್ಚು ಹಚ್ಚಿಕೊಂಡು ಬಂದಿದ್ದೆ: ಹತ್ತಿ ಕಟ್ಟಿಗೆಯನ್ನು ಗುಂಡಿಯಲ್ಲಿ ಗಾಳಿ ಹೆಚ್ಚು ಆಡದಂತೆ ಸುಟ್ಟು, ಆ ಇದ್ದಿಲನ್ನು ಗೋಮೂತ್ರದಲ್ಲಿ ನೆನೆಸಿ ಮಣ್ಣಿಗೆ ಬೆರೆಸುವುದು. ಯೂರಿಯಾ ಉಂಡ ನೆಲದಿಂದ ಎದ್ದು ಆಕಾಶವನ್ನು ಕಾಯಿಸುವ ಸಾರಜನಕದ ಗ್ಯಾಸು ಅದರಿಂದ ಕಡಿಮೆಯಾಗುತ್ತದಂತೆ. ಅದೇ ಗ್ಯಾಸನ್ನು ಕಾನ್ವೆಂಟಿನ ಸಿಸ್ಟರ್ ನಮಗೆ ‘ನಗಿಸುವ ಗ್ಯಾಸು’ ಎಂದು ಕಲಿಸಿದ್ದರು. ಅಷ್ಟನ್ನೂ ಅತ್ತೆಗೆ ಹೇಳಿದ್ದೇ ತಪ್ಪಾಯಿತು.

"ನಗಸೋದಾದ್ರ ಏಳ್ಲಿ ಬಿಡು. ಈ ಮನ್ಯಾಗ ನಗೋರರ ಯಾರದಾರ? ನನ್ನ ಬದನಿ ಮಡಿಗೆ ಮಸಿ ಹಾಕಾಕ ಬಿಡೂದಿಲ್ಲ."

ಒಂದೇ ಒಂದು ಮಡಿ ಕೊಡಿ ಎಂದು ವಾರಗಟ್ಟಲೆ ಅವರ ಹಿಂದೆ ತಿರುಗಿದ್ದೆ. ಅಷ್ಟರಲ್ಲಿ ಇದ್ದಿಲು ತಯಾರಾಗಿ, ನೆನೆದು, ಬುಟ್ಟಿಯಲ್ಲಿ ಒಣಗುತ್ತಿತ್ತು. ಬುಟ್ಟಿ ಇದ್ದದ್ದು ಅತ್ತೆ ಕೂರುವ ಕಟ್ಟೆಯ ಮೇಲೆಯೇ.

"ಏನವ್ವಾ, ಈ ಇದ್ಲಿ ಉಪ್ಪುಪ್ಪು ಐತಲ್ಲ?" ಎಂದು ಅತ್ತೆ ಕೂಗಿದರು. ಚೊಂಬು ಹಿಡಿದೇ ಹಿತ್ತಿಲಿಗೆ ಓಡಿ ನೋಡಿದರೆ ತುಟಿಯೆಲ್ಲ ಕಪ್ಪು.

"ಅತ್ತೀ... ಅದು ಗಂಜಲದಾಗ ನೆನಸಿದ್ದು ರೀ."

ಅವರ ಬೆರಳು ಬಾಯಲ್ಲೇ ನಿಂತಿತು. ಇನ್ನು ಮಡಿಯೂ ಇಲ್ಲ, ಮಾತೂ ಇಲ್ಲ ಎಂದುಕೊಂಡೆ. ಬಚ್ಚಲ ಬಾಗಿಲಲ್ಲಿ ನಮ್ಮ ಮನೆಯವರು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅತ್ತೆ ಎರಡೆರಡು ಸಲ ಬಾಯಿ ಮುಕ್ಕಳಿಸಿ, ಗತ್ತಿನಿಂದ ಸೆರಗು ಸರಿಮಾಡಿಕೊಂಡು ಮಗನನ್ನು ಗದರಿಸಿದರು.

"ಯಾಕ ಹಲ್ಲು ಕಿಸೀತಿ? ದಿನಾ ಹಣಿಗೆ ಹಚ್ಕೊಳ್ಳೋ ಈಬತ್ತಿ ಸಗಣಿ ಸುಟ್ಟು ಮಾಡಿದ್ದಲ್ಲೇನು? ಆಕಳದ್ದು ಸುಟ್ರೂ ಚಲೋ, ನೆನಸಿದ್ರೂ ಚಲೋ."

"ಹಂಗಾದ್ರ ಬದನಿ ಮಡಿಗೂ ಒಂದೀಟು ಹಚ್ಚೋಣೇನ್ರೀ?" ಎಂದೆ, ಕಾನ್ವೆಂಟಿನ ಮೆಲುದನಿಯಲ್ಲಿ.

ಅತ್ತೆ ನನ್ನನ್ನೂ ಬುಟ್ಟಿಯನ್ನೂ ನೋಡಿದರು. ಆಡಿದ ಮಾತು ಮಗನ ಕಿವಿಗೆ ಬಿದ್ದಾಗಿತ್ತು.

"ಗ್ವಾಡಿ ಕಡೀದೊಂದು ಮಡಿ ತಗೋ. ಗಿಡ ಬಾಡಿದ್ರ ನೋಡ್ಕೋ ಮತ್ತ."

ಮಧ್ಯಾಹ್ನ ನಾನು ಇದ್ದಿಲ ಪುಡಿಯನ್ನು ಮಣ್ಣಿಗೆ ಬೆರೆಸುವಾಗ, ನೆರಳಲ್ಲಿ ಕೂತು ಅಲ್ಲಿ ಹಾಕು, ಇಲ್ಲಿ ಹಾಕು ಎಂದು ಬೆರಳು ತೋರಿಸಿದವರೂ ಅವರೇ.

ಸಂಜೆ ನಳದಲ್ಲಿ ನೀರು ಬಂದಾಗ ಪಕ್ಕದ ಮನೆಯಾಕೆ ಕೊಡ ತುಂಬಿಕೊಳ್ಳುತ್ತ, ನನ್ನ ಕಡೆ ತಿರುಗದೆಯೇ ಅಂದರು: "ಮಡಿಗೆ ಇದ್ಲಿ ಹಾಕೋದು ನಿಮ್ಮತ್ತೀನ ನಿಮಗ ಕಲಿಸ್ಯಾರಂತಲ್ರೀ. ಕಾನ್ವೆಂಟ್‌ನ್ಯಾಗ ಇಂಥಾವೆಲ್ಲ ಹೇಳಿಕೊಡೂದಿಲ್ಲೇನು?"